ಫೋನ್ ಯಾರ ಕೈಯಲ್ಲಿರಬೇಕು? ಅರಸೀಕೆರೆಯ ಒಂದು ಪ್ರಕರಣ

ನಮ್ಮ ದೊಡ್ಡಮ್ಮನಿಗೆ 2024ರಲ್ಲಿ 72 ವರ್ಷ. ಇರುವುದು ಅರಸೀಕೆರೆಯಲ್ಲಿ, ರೈಲ್ವೆ ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ. ದೊಡ್ಡಪ್ಪ ರೈಲ್ವೆಯಲ್ಲಿ ಗಾಡಿಗೆ ಹಳಿ ಬದಲಿಸಿಕೊಡುವ ಪಾಯಿಂಟ್ಸ್‌ಮನ್ ಆಗಿದ್ದರು. 2004ರಲ್ಲಿ ರಿಟೈರ್ ಆದರು, 2016ರಲ್ಲಿ ತೀರಿಕೊಂಡರು. ಅಲ್ಲಿಂದ ಈಚೆಗೆ ದೊಡ್ಡಮ್ಮನಿಗೆ ಫ್ಯಾಮಿಲಿ ಪೆನ್ಷನ್ ಬರುತ್ತದೆ. ಒಬ್ಬನೇ ಮಗ, ಪುಣೆಯಲ್ಲಿ ಕೆಲಸ. ದೊಡ್ಡಮ್ಮ ಓದಿದ್ದು ಏಳನೇ ಕ್ಲಾಸು. ಕನ್ನಡ ಪೇಪರನ್ನು ದಿನಾ ಒಂದಕ್ಷರ ಬಿಡದೆ ಓದುತ್ತಾರೆ. ಇಂಗ್ಲಿಷಿನ ದೊಡ್ಡಕ್ಷರಗಳನ್ನು ಸ್ಟೇಷನ್ ಬೋರ್ಡುಗಳನ್ನು ನೋಡಿ ನೋಡಿಯೇ ಕಲಿತವರು.

ನಾನು ತುಮಕೂರಿನಲ್ಲಿ ಹೈಸ್ಕೂಲಿನ ಗಣಿತ ಟೀಚರ್. 2024ರ ಆಗಸ್ಟ್ 4ರಿಂದ ನವೆಂಬರ್ ಕೊನೆಯವರೆಗೆ, ಹಬ್ಬದ ಒಂದೆರಡು ವಾರ ಬಿಟ್ಟು, ಪ್ರತಿ ಭಾನುವಾರ ಬೆಳಗಿನ ಗಾಡಿ ಹಿಡಿದು ಅರಸೀಕೆರೆಗೆ ಹೋದೆ. ಅವರಿಗೆ ಸ್ಮಾರ್ಟ್‌ಫೋನ್ ಕಲಿಸಬೇಕಿತ್ತು. ಆ ನಾಲ್ಕು ತಿಂಗಳಲ್ಲಿ ಏನಾಯಿತು ಅಂತ ಇಲ್ಲಿ ಬರೆಯುತ್ತಿದ್ದೇನೆ. ಎಷ್ಟೋ ಮನೆಗಳಲ್ಲಿ "ಅವರಿಗೆ ಇದೆಲ್ಲಾ ತಲೆಗೆ ಹೋಗಲ್ಲ ಬಿಡಿ" ಅನ್ನುವ ಮಾತು ಕೇಳಿದ್ದೇನೆ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಈಗ ಆ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ.

ಹೆಬ್ಬೆರಳು

ಎಲ್ಲ ಶುರುವಾದದ್ದು ದೊಡ್ಡಮ್ಮನ ಹೆಬ್ಬೆರಳಿನಿಂದ.

ಪೆನ್ಷನ್ ಪಡೆಯುವವರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆ ಅಂತ ತೋರಿಸಬೇಕು. ಅದಕ್ಕೇ ಲೈಫ್ ಸರ್ಟಿಫಿಕೇಟ್. ಕೇಂದ್ರ ಸರ್ಕಾರದ ಪೆನ್ಷನ್‌ದಾರರು ಅದನ್ನು ನವೆಂಬರ್‌ನಲ್ಲಿ ಕೊಡಬೇಕು. 80 ದಾಟಿದವರಿಗೆ ಮಾತ್ರ ಅಕ್ಟೋಬರ್ 1ರಿಂದಲೇ ಅವಕಾಶ ಇದೆ. 2014ರ ನವೆಂಬರ್ 10ರಂದು ಜೀವನ್ ಪ್ರಮಾಣ್ ಬಂತು. ಆಧಾರ್ ನಂಬರ್ ಕೊಟ್ಟು ಮೆಷಿನ್ ಮೇಲೆ ಬೆರಳಿಟ್ಟರೆ ಸಾಕು, ಕಾಗದ ಬೇಡ. ಒಳ್ಳೆಯ ಏರ್ಪಾಡು. ಆದರೆ ಐವತ್ತು ವರ್ಷ ಕಾಯಿ ತುರಿದು, ಹುಣಸೆಹಣ್ಣು ಕಿವುಚಿ, ಪಾತ್ರೆ ತಿಕ್ಕಿದ ಬೆರಳಿನಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? ವಯಸ್ಸಾದಂತೆ ಚರ್ಮ ಒಣಗುತ್ತದೆ, ಗೆರೆಗಳು ಸವೆಯುತ್ತವೆ. 2023ರ ನವೆಂಬರ್‌ನಲ್ಲಿ ದೊಡ್ಡಮ್ಮ ಬ್ಯಾಂಕಿಗೆ ಮೂರು ಸಲ ಅಲೆದರು. ಮೂರು ಸಲವೂ ಮೆಷಿನ್ ಒಪ್ಪಲಿಲ್ಲ. "ಸರಿಯಾಗಿ ಒತ್ತಿ ಅಜ್ಜಿ" ಅಂತ ಕೌಂಟರಿನಲ್ಲಿದ್ದವರು ಗದರಿದರಂತೆ. ಕೊನೆಗೆ ಹಳೇ ಪದ್ಧತಿಯ ಕಾಗದವನ್ನೇ ತುಂಬಿಸಿಕೊಂಡರು. ಮನೆಗೆ ಬಂದು ನನಗೆ ಫೋನ್ ಮಾಡಿ ದೊಡ್ಡಮ್ಮ ಅತ್ತರು. "ನಾನು ಬದುಕಿದ್ದೀನಿ ಅಂತ ನನ್ನ ಕೈಯೇ ಸಾಕ್ಷಿ ಹೇಳಲ್ವಲ್ಲೇ" ಅಂದರು.

2021ರ ನವೆಂಬರ್‌ನಿಂದ ಮುಖ ತೋರಿಸಿ ಈ ಸರ್ಟಿಫಿಕೇಟ್ ಕೊಡುವ ದಾರಿಯೂ ಇದೆ. ಸಾಮಾನ್ಯ ಸ್ಮಾರ್ಟ್‌ಫೋನ್ ಕ್ಯಾಮೆರಾ ಸಾಕು. ಇದು ನನಗೆ ತಿಳಿದದ್ದು ತಡವಾಗಿ. 2024ರ ಜುಲೈನಲ್ಲಿ ಹೇಳಿದೆ. ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಖ ನೋಡಿ ಒಪ್ಪುತ್ತಾ? ಹಾಗಾದ್ರೆ ಅದನ್ನ ಕಲಿಸು" ಅಂದರು.

ಫೋನ್ ಇತ್ತು. ಎರಡು ವರ್ಷದ ಹಿಂದೆ ಮಗ ತಂದುಕೊಟ್ಟಿದ್ದ. ಒಂದು ಮಧ್ಯಾಹ್ನದಲ್ಲಿ ಎಲ್ಲ ಹಾಕಿಕೊಟ್ಟು ಪುಣೆಗೆ ಹೋಗಿದ್ದ. ಲಾಕ್ ನಂಬರ್ ಮರೆಯಬಾರದು ಅಂತ ಬಿಳಿ ಪ್ಲಾಸ್ಟರ್ ಮೇಲೆ ಬರೆದು ಫೋನಿನ ಬೆನ್ನಿಗೆ ಅಂಟಿಸಿದ್ದ. ಆ ನಂಬರ್ ಬೀದಿಗೆಲ್ಲ ಗೊತ್ತು. ಯಾರೇ ಮನೆಗೆ ಬರಲಿ, ದೊಡ್ಡಮ್ಮ ಏನಾದರೂ ಕೇಳಿದರೆ "ಕೊಡಿ ಇಲ್ಲಿ" ಅಂತ ಕೈ ಚಾಚುತ್ತಿದ್ದರು. ಟಕಟಕ ಒತ್ತಿ, ಆಯ್ತು ನೋಡಿ ಅಂತ ವಾಪಸ್ ಕೊಡುತ್ತಿದ್ದರು. ಎರಡು ವರ್ಷದಲ್ಲಿ ಆ ಫೋನನ್ನು ನಿಜವಾಗಿ ಬಳಸಿದವರು ಬೇರೆಯವರು. ದೊಡ್ಡಮ್ಮ ಅದನ್ನು ಚಾರ್ಜ್ ಮಾಡಿ, ಒರೆಸಿ, ದೇವರ ಮನೆಯ ಪಕ್ಕದ ಗೂಡಿನಲ್ಲಿ ಇಡುತ್ತಿದ್ದರು.

ನನ್ನ ಪಟ್ಟಿ, ಅವರ ಪಟ್ಟಿ

ಮೊದಲ ಎರಡು ಭಾನುವಾರ ನಾನು ಮಾಡಿದ್ದು ತಪ್ಪು. ನನಗೆ ಬಂದದ್ದು ಶಾಲೆಯ ರೀತಿ. ಒಂದು ನೋಟ್‌ಬುಕ್ಕಿನಲ್ಲಿ ಪಾಠಗಳನ್ನು ಬರೆದುಕೊಂಡು ಹೋಗಿದ್ದೆ. ಮೊದಲು ಫೋನಿನ ಭಾಗಗಳು, ಆಮೇಲೆ ಸೆಟ್ಟಿಂಗ್ಸ್, ಆಮೇಲೆ ವಾಟ್ಸಾಪ್, ಆಮೇಲೆ ಯುಪಿಐ. ಪ್ರತಿಯೊಂದಕ್ಕೂ ಒಂದು, ಎರಡು, ಮೂರು ಅಂತ ಹೆಜ್ಜೆ. ದೊಡ್ಡಮ್ಮ ಎಲ್ಲವನ್ನೂ ನೀಟಾಗಿ ಬರೆದುಕೊಂಡರು. ಎರಡನೇ ಭಾನುವಾರ ಹೋಗಿ "ಮಾಡಿ ತೋರಿಸಿ" ಅಂದರೆ ನೋಟ್‌ಬುಕ್ ತೆಗೆದರು, ಕನ್ನಡಕ ಹಾಕಿಕೊಂಡರು, ಮೊದಲ ಸಾಲು ಓದಿದರು. ಅಷ್ಟರಲ್ಲಿ ಫೋನಿನ ಪರದೆ ಆರಿಹೋಯಿತು. ಮತ್ತೆ ಲಾಕ್ ನಂಬರ್, ಮತ್ತೆ ನೋಟ್‌ಬುಕ್. ಮೂರನೇ ಸಲ ಆರಿದಾಗ ನಾನು ತಡೆಯಲಾರದೆ "ಕೊಡಿ ಇಲ್ಲಿ" ಅಂದೆ.

ಅವರು ಫೋನ್ ಕೊಟ್ಟರು. ಆಮೇಲೆ ಮೆಲ್ಲಗೆ ಹೇಳಿದರು: "ನೀನು ಮುಟ್ಟಿದ್ರೆ ಎಲ್ಲಾ ಬರುತ್ತೆ. ನಾನು ಮುಟ್ಟಿದ್ರೆ ಎಲ್ಲಾ ಹೋಗುತ್ತೆ."

ವಾಪಸ್ ಬರುವಾಗ ತಿಪಟೂರು ದಾಟುವವರೆಗೂ ಆ ಮಾತೇ ತಲೆಯಲ್ಲಿತ್ತು. ಅವರಿಗೆ ಮರೆವು ಇರಲಿಲ್ಲ. ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಎಷ್ಟು ಹೊತ್ತಿಗೆ ಅಂತ ಈಗಲೂ ಬಾಯಲ್ಲಿ ಹೇಳುತ್ತಾರೆ. ಅವರಲ್ಲಿದ್ದದ್ದು ಹೆದರಿಕೆ. ತಾನು ಒತ್ತಿದರೆ ಏನೋ ಹಾಳಾಗುತ್ತದೆ, ಅದು ಮತ್ತೆ ಸರಿಯಾಗುವುದಿಲ್ಲ, ಮಗನಿಗೆ ನಷ್ಟ ಆಗುತ್ತದೆ ಅನ್ನುವ ಹೆದರಿಕೆ. ನಾವೆಲ್ಲ "ಕೊಡಿ ಇಲ್ಲಿ" ಅಂದಾಗಲೆಲ್ಲ ಆ ಹೆದರಿಕೆ ನಿಜ ಅಂತ ಒಪ್ಪಿಕೊಂಡ ಹಾಗಾಗುತ್ತಿತ್ತು.

ಮೂರನೇ ಭಾನುವಾರ ನೋಟ್‌ಬುಕ್ ಒಯ್ಯಲಿಲ್ಲ. "ದೊಡ್ಡಮ್ಮ, ಈ ಫೋನಿನಿಂದ ನಿಮಗೆ ಏನು ಬೇಕು?" ಅಂತ ಕೇಳಿದೆ. ಇಷ್ಟು ದಿನ ಯಾರೂ ಕೇಳದ ಪ್ರಶ್ನೆ ಅದು. ಅವರು ಯೋಚಿಸಿ ಮೂರು ಹೇಳಿದರು. ಕಡೂರಿನಲ್ಲಿರುವ ತಂಗಿಯ ಜೊತೆ ಬೇಕೆಂದಾಗ ಮಾತಾಡಬೇಕು. ತಂಗಿಗೆ ಕಿವಿ ಸ್ವಲ್ಪ ಮಂದ, ಕಾಲ್ ಮಾಡಿದರೆ ಅರ್ಥವಾಗುವುದಿಲ್ಲ. ಎರಡನೆಯದು, ನಾನು ಬರುವ ಗಾಡಿ ಎಲ್ಲಿದೆ ಅಂತ ತಿಳಿಯಬೇಕು. ಅದಕ್ಕೆ ಸರಿಯಾಗಿ ಅನ್ನಕ್ಕೆ ಇಡಬಹುದು. ಮೂರನೆಯದು, ನವೆಂಬರ್.

ಯುಪಿಐ ಅವರ ಪಟ್ಟಿಯಲ್ಲಿ ಇರಲೇ ಇಲ್ಲ. ನಾನು ನನ್ನ ಪಟ್ಟಿ ಬಿಟ್ಟೆ.

ಬೆರಳಿಗೆ ತಕ್ಕ ಫೋನ್

ಪಾಠಕ್ಕಿಂತ ಮೊದಲು ಅರ್ಧ ಗಂಟೆ ಸುಮ್ಮನೆ ಕೂತು ಅವರ ಕೈಯನ್ನು ನೋಡಿದೆ. ಇಡೀ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಈ ಅರ್ಧ ಗಂಟೆ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ದೊಡ್ಡಮ್ಮ ಬೆರಳನ್ನು ಇಟ್ಟು ಒತ್ತುತ್ತಿದ್ದರು, ಕಾಲಿಂಗ್ ಬೆಲ್ ಒತ್ತುವ ಹಾಗೆ. ಫೋನಿಗೆ ಅದು ಬೇರೆಯೇ ಅರ್ಥ. ಒಂದು ಐಕಾನನ್ನು ಒತ್ತಿ ಹಿಡಿದರೆ ಅದನ್ನು ಜರುಗಿಸಬೇಕು, ಇಲ್ಲವೇ ತೆಗೆಯಬೇಕು ಅಂತ ಫೋನ್ ತಿಳಿಯುತ್ತದೆ. ಹೀಗಾಗಿ ಅವರ ಫೋನಿನಲ್ಲಿ ಐಕಾನುಗಳು ಜಾಗ ಬದಲಿಸುತ್ತಿದ್ದವು, ಒಂದೆರಡು ಮಾಯವಾಗಿದ್ದವು. "ನಾನು ಮುಟ್ಟಿದ್ರೆ ಎಲ್ಲಾ ಹೋಗುತ್ತೆ" ಅಂದದ್ದು ಅಕ್ಷರಶಃ ನಿಜವಾಗಿತ್ತು! ನಾವು ಯಾರೂ ಅದನ್ನು ಗಮನಿಸಿರಲಿಲ್ಲ. ಆಂಡ್ರಾಯ್ಡ್ ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಎಷ್ಟು ಹೊತ್ತು ಒತ್ತಿದರೆ 'ಒತ್ತಿ ಹಿಡಿದದ್ದು' ಅಂತ ಲೆಕ್ಕ ಅನ್ನುವುದನ್ನು ಹೆಚ್ಚಿಸಬಹುದು. ಅದನ್ನು ಜಾಸ್ತಿ ಮಾಡಿದ ಮೇಲೆ ಅರ್ಧ ತೊಂದರೆ ಹೋಯಿತು.

ಇನ್ನೊಂದು, ಒಣಗಿದ ಬೆರಳು. ಈ ಪರದೆಗಳು ಬೆರಳಿನ ಮೂಲಕ ಹರಿಯುವ ಅತಿ ಸಣ್ಣ ವಿದ್ಯುತ್ತಿನಿಂದ ಸ್ಪರ್ಶವನ್ನು ತಿಳಿಯುತ್ತವೆ. ಚರ್ಮ ತೀರಾ ಒಣಗಿದ್ದರೆ ಕೆಲವು ಸಲ ತಿಳಿಯುವುದಿಲ್ಲ. ಆಗ ದೊಡ್ಡಮ್ಮ ಇನ್ನೂ ಗಟ್ಟಿಯಾಗಿ ಒತ್ತುತ್ತಿದ್ದರು, ಮತ್ತೆ ಅದೇ ಗೋಳು. ಕೈಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ, ಬಟ್ಟೆಯಲ್ಲಿ ಒರೆಸಿಕೊಂಡು ಕೂರುವುದು ನಮ್ಮ ರೂಢಿಯಾಯಿತು. ಅರಸೀಕೆರೆಯ ಮನೆಯಲ್ಲಿ ಕೊಬ್ಬರಿ ಎಣ್ಣೆಗೆ ಬರವೇ?

ಪರದೆ ಆರುವ ಸಮಯ 30 ಸೆಕೆಂಡ್ ಇತ್ತು, ಅದನ್ನು 5 ನಿಮಿಷ ಮಾಡಿದೆ. ಅಕ್ಷರ ದೊಡ್ಡದು ಮಾಡಿದೆ. ಆದರೆ ಅತಿ ದೊಡ್ಡದು ಮಾಡಬಾರದು. ಕೆಲವು ಆ್ಯಪ್‌ಗಳಲ್ಲಿ ಕೆಳಗಿನ ಬಟನ್ ಪರದೆಯಿಂದ ಆಚೆ ಹೋಗಿಬಿಡುತ್ತದೆ. ಬೆರಳನ್ನು ಅಂಚಿನಿಂದ ಎಳೆದು ಹಿಂದಕ್ಕೆ ಬರುವ ರೀತಿ ತೆಗೆದು, ಕೆಳಗೆ ಮೂರು ಬಟನ್ ಇರುವ ಹಳೇ ರೀತಿ ಹಾಕಿದೆ. ಫೋನ್ ತೆರೆದಾಗ ಮೊದಲು ಕಾಣುವ ಪರದೆಯಲ್ಲಿ ಆರು ಐಕಾನು ಮಾತ್ರ ಉಳಿಸಿದೆ.

ಭಾಷೆ ವಿಷಯದಲ್ಲಿ ನಾನು ಅಂದುಕೊಂಡಂತೆ ಆಗಲಿಲ್ಲ. ಫೋನನ್ನು ಪೂರ್ತಿ ಕನ್ನಡಕ್ಕೆ ಬದಲಿಸಿದರೆ ಎಲ್ಲ ಸಲೀಸು ಅಂತ ತಿಳಿದಿದ್ದೆ. ಕೆಲವು ಕಡೆ ಸಲೀಸಾಯಿತು, ಕೆಲವು ಕಡೆ ಕನ್ನಡವೇ ಕಷ್ಟವಾಯಿತು. ಮನೆಯಲ್ಲಿ ಯಾರೂ ಆಡದ ಪುಸ್ತಕದ ಪದಗಳು ಅಲ್ಲಿವೆ. ಕೊನೆಗೆ ದೊಡ್ಡಮ್ಮ ತಾವೇ ಹೆಸರಿಟ್ಟರು. ಮೂರು ಅಡ್ಡಗೆರೆಯ ಗುರುತು 'ವಿಭೂತಿ'. ಮೂರು ಚುಕ್ಕಿಯದು 'ರಂಗೋಲಿ'. ಸೆಟ್ಟಿಂಗ್ಸ್‌ನ ಹಲ್ಲಿನ ಚಕ್ರ 'ಗಿರಣಿ'. ಹಿಂದಕ್ಕೆ ಬರುವ ತ್ರಿಕೋನ 'ವಾಪಸ್'. ಆ ಹೆಸರುಗಳನ್ನೇ ನಾನೂ ಬಳಸಿದೆ. "ವಿಭೂತಿ ಒತ್ತಿ, ಕೆಳಗೆ ಗಿರಣಿ ಇದೆಯಾ ನೋಡಿ" ಅಂತ ಫೋನಿನಲ್ಲೇ ಹೇಳಿದರೂ ಅವರಿಗೆ ತಿಳಿಯುತ್ತಿತ್ತು. ಕಲಿಯುವವರು ಇಟ್ಟ ಹೆಸರಿಗಿಂತ ಒಳ್ಳೆಯ ಹೆಸರು ಇನ್ನೊಂದಿಲ್ಲ ಅನ್ನಿಸಿತು.

ಆಮೇಲೆ ಒಂದು ನಿಯಮ ಮಾಡಿಕೊಂಡೆವು. ಪಾಠ ನಡೆಯುವಾಗ ನನ್ನ ಕೈ ನನ್ನ ಮಡಿಲಲ್ಲಿ. ಏನೇ ಆಗಲಿ ನಾನು ಫೋನ್ ಮುಟ್ಟಬಾರದು. ಮೊದಲ ಪಾಠವಾಗಿ ಕಲಿಸಿದ್ದು 'ವಾಪಸ್' ಒಂದೇ. ಎಲ್ಲಿಗೆ ಬೇಕಾದರೂ ಹೋಗಿ, ಏನು ಬೇಕಾದರೂ ತೆರೆಯಿರಿ, ಆಮೇಲೆ ವಾಪಸ್ ಒತ್ತಿ ಮನೆಗೆ ಬನ್ನಿ. ಒಂದು ಭಾನುವಾರ ಪೂರ್ತಿ ಇದೇ. ಬೇಕಂತಲೇ ದಾರಿ ತಪ್ಪಿಸಿಕೊಂಡು ಮತ್ತೆ ಬರುವುದು. ಇಪ್ಪತ್ತನೇ ಸಲ ಬಂದಾಗ ಅವರ ಭುಜ ಸಡಿಲವಾದದ್ದು ನನಗೆ ಕಂಡಿತು.

ಎಎಸ್‌ಕೆ

ತಂಗಿಗೆ ವಾಯ್ಸ್ ಮೆಸೇಜ್ ಕಳಿಸುವುದನ್ನು ಒಂದೇ ದಿನದಲ್ಲಿ ಕಲಿತರು. ಅಚ್ಚರಿ ಏನಿಲ್ಲ, ಅದು ಅವರಿಗೆ ಬೇಕಾಗಿತ್ತು. ತಂಗಿ ಅದನ್ನು ಜೋರಾಗಿ ಇಟ್ಟುಕೊಂಡು ಎರಡು ಮೂರು ಸಲ ಕೇಳಬಹುದು, ಅದೇ ಅದರ ಅನುಕೂಲ. ಮೈಕಿನ ಗುರುತನ್ನು ಒತ್ತಿ ಹಿಡಿಯಬೇಕು ಅನ್ನುವುದು ಮಾತ್ರ ಗೊಂದಲ ತಂತು. "ಒತ್ತಿ ಹಿಡೀಬೇಡಿ ಅಂತಿದ್ದೆ, ಈಗ ಹಿಡೀರಿ ಅಂತೀಯ" ಅಂದರು. ನ್ಯಾಯವಾದ ಮಾತು. ಮೈಕನ್ನು ಮೇಲಕ್ಕೆ ಸರಿಸಿ ಲಾಕ್ ಮಾಡುವುದು ತೋರಿಸಿದ ಮೇಲೆ ಸರಿಹೋಯಿತು.

ಗಾಡಿ ನೋಡುವುದು ಅದಕ್ಕಿಂತ ಚೆನ್ನಾಗಿ ನಡೆಯಿತು. ರೈಲ್ವೆಯದೇ ಎನ್‌ಟಿಇಎಸ್ ಅನ್ನುವ ಆ್ಯಪ್ ಇದೆ. ಗಾಡಿ ನಂಬರ್ ಹಾಕಿದರೆ ಎಲ್ಲಿದೆ, ಎಷ್ಟು ಲೇಟು ಅಂತ ತೋರಿಸುತ್ತದೆ. ಅದು ಇಂಗ್ಲಿಷಿನಲ್ಲಿತ್ತು. ನಾನು ಹಿಂಜರಿದೆ. ದೊಡ್ಡಮ್ಮ ಹಿಂಜರಿಯಲಿಲ್ಲ. ಎಎಸ್‌ಕೆ ಅಂದರೆ ಅರಸೀಕೆರೆ, ಟಿಟಿಆರ್ ಅಂದರೆ ತಿಪಟೂರು, ಟಿಕೆ ಅಂದರೆ ತುಮಕೂರು. ಈ ಸ್ಟೇಷನ್ ಕೋಡುಗಳು ಅವರಿಗೆ ದೊಡ್ಡಪ್ಪನ ಕಾಲದಿಂದ ಗೊತ್ತು. ನನಗೇ ಗೊತ್ತಿರಲಿಲ್ಲ. ಆ ಪರದೆಯ ಮೇಲೆ ಅವರು ನನಗಿಂತ ಚೆನ್ನಾಗಿ ಓದಬಲ್ಲವರು. ಮುಂದಿನ ಭಾನುವಾರ ನಾನು ತಿಪಟೂರು ದಾಟಿದಾಗ ಅವರಿಂದ ವಾಯ್ಸ್ ಮೆಸೇಜ್ ಬಂತು: "ಟಿಟಿಆರ್ ಬಿಟ್ಟಿದೆ ನಿನ್ ಗಾಡಿ, ಹನ್ನೆರಡು ನಿಮಿಷ ಲೇಟು. ನಾನು ಅಕ್ಕಿ ತೊಳೀತಿದ್ದೀನಿ." ಬೋಗಿಯಲ್ಲಿ ಕೂತು ಅದನ್ನು ಮತ್ತೆ ಮತ್ತೆ ಕೇಳಿದೆ.

ಸೆಪ್ಟೆಂಬರ್‌ನಲ್ಲಿ ಒಂದು ಹಿನ್ನಡೆ ಆಯಿತು. ಒಂದು ಆ್ಯಪ್ ತಾನಾಗಿ ಅಪ್‌ಡೇಟ್ ಆಗಿ, ಮೇಲಿದ್ದ ಬಟನ್ ಕೆಳಗೆ ಬಂದಿತ್ತು. ದೊಡ್ಡಮ್ಮ ತಾವೇ ಏನೋ ಕೆಡಿಸಿದೆ ಅಂದುಕೊಂಡು ಮೂರು ದಿನ ಫೋನನ್ನು ಗೂಡಿಗೆ ಸೇರಿಸಿಬಿಟ್ಟರು. ಅದರಿಂದ ನನಗೆ ತಿಳಿದದ್ದು: "ಬಲಗಡೆ ಮೇಲೆ ಒತ್ತಿ" ಅಂತ ಜಾಗ ಹೇಳಿಕೊಡಬಾರದು. "ಮೈಕಿನ ಚಿತ್ರ ಎಲ್ಲಿದೆ ಹುಡುಕಿ" ಅನ್ನಬೇಕು. ಅಂಗಡಿ ಜಾಗ ಬದಲಿಸಿದರೂ ಬೋರ್ಡು ನೋಡಿ ಹೋಗುತ್ತೇವಲ್ಲ, ಹಾಗೆ.

ದುಡ್ಡಿನ ವಿಷಯ

ಯುಪಿಐ ಅನ್ನು ದೊಡ್ಡಮ್ಮ ತಾವೇ ಕೇಳಿದರು, ಸೆಪ್ಟೆಂಬರ್ ಕೊನೆಗೆ. ತರಕಾರಿ ಗಾಡಿಯವನ ಹತ್ತಿರ ಚಿಲ್ಲರೆ ಇರುತ್ತಿರಲಿಲ್ಲ. "ಎಲ್ರೂ ಫೋನ್ ತೋರಿಸ್ತಾರೆ, ನಾನೊಬ್ಳೇ ಚಿಲ್ರೆಗೆ ಕಾಯ್ತೀನಿ" ಅಂದರು.

ಪೆನ್ಷನ್ ಬರುವ ಖಾತೆಯನ್ನು ನಾವು ಫೋನಿಗೆ ಜೋಡಿಸಲಿಲ್ಲ. ಇದನ್ನು ಹಿರಿಯರಿರುವ ಪ್ರತಿ ಮನೆಯಲ್ಲೂ ಮಾಡಲಿ ಅಂತ ನನ್ನ ಆಸೆ. ಅವರ ಹೆಸರಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇತ್ತು. ಅದಕ್ಕೆ 2,000 ರೂಪಾಯಿ ಹಾಕಿ, ಅದನ್ನು ಮಾತ್ರ ಭೀಮ್ ಅನ್ನುವ ಯುಪಿಐ ಆ್ಯಪ್‌ಗೆ ಜೋಡಿಸಿದೆವು. ಏನೇ ತಪ್ಪಾದರೂ ಹೋಗುವುದು ಅಷ್ಟೇ. ಈ ಮಾತು ಕೇಳಿದ ಮೇಲೆ ಅವರಿಗೆ ಧೈರ್ಯ ಬಂತು. ಮೊದಲ ವಾರ ನನಗೆ ಒಂದೊಂದು ರೂಪಾಯಿ ಕಳಿಸಿ ಅಭ್ಯಾಸ ಮಾಡಿದರು.

ಪಿನ್ ಬಗ್ಗೆ ಒಂದೇ ಒಂದು ಮಾತನ್ನು ಬಾಯಿಪಾಠ ಮಾಡಿಸಿದೆ: ದುಡ್ಡು ಬರಬೇಕಾದರೆ ಪಿನ್ ಬೇಡ. ದುಡ್ಡು ಕಳಿಸಲು, ಖಾತೆಯಲ್ಲಿ ಎಷ್ಟಿದೆ ಅಂತ ನೋಡಲು ಮಾತ್ರ ಪಿನ್. ನಿಮಗೆ ದುಡ್ಡು ಬಂದಿದೆ, ತಗೊಳ್ಳೋಕೆ ಪಿನ್ ಹಾಕಿ ಅಂತ ಯಾರಾದರೂ ಅಂದರೆ ಅವರು ಕಳ್ಳರು.

ಎರಡನೇ ವಾರ ತರಕಾರಿಯವನಿಗೆ 50ರ ಬದಲು 500 ಹೋಯಿತು. ಕನ್ನಡಕ ಹಾಕಿರಲಿಲ್ಲ. ದೊಡ್ಡಮ್ಮ ಗಾಬರಿಯಾಗಿ ನನಗೆ ಫೋನ್ ಮಾಡಿದರು. ಯುಪಿಐನಲ್ಲಿ ಕಳಿಸಿದ್ದನ್ನು ನಾವಾಗಿ ಹಿಂದಕ್ಕೆ ಎಳೆದುಕೊಳ್ಳಲು ಬರುವುದಿಲ್ಲ, ತಗೊಂಡವರೇ ಕೊಡಬೇಕು. ನಾನು ಏನೂ ಮಾಡಲಿಲ್ಲ, "ಅವನಿಗೇ ಹೇಳಿ" ಅಂದೆ. ಮರುದಿನ ಹೇಳಿದರು. ಅವನು ತನ್ನ ಫೋನ್ ನೋಡಿ, ಹೌದು ಅಮ್ಮ ಅಂತ 450 ರೂಪಾಯಿ ಎಣಿಸಿ ಕೊಟ್ಟ. ಆ ದಿನದಿಂದ ದೊಡ್ಡಮ್ಮ ಬದಲಾದರು. ತಾವು ಮಾಡಿದ ತಪ್ಪು, ತಾವೇ ಸರಿ ಮಾಡಿಕೊಂಡದ್ದು, ನಡುವೆ ಯಾರೂ ಇಲ್ಲ. ಅಲ್ಲಿಂದ ಮುಂದೆ ಕನ್ನಡಕ ಇಲ್ಲದೆ ಅವರು ಪಿನ್ ಹಾಕುವುದಿಲ್ಲ.

ಲೈನ್ ಕ್ಲಿಯರ್

ಕಳ್ಳ ಕರೆಗಳ ಬಗ್ಗೆ ಕಲಿಸುವುದು ನನಗೆ ಅತಿ ಕಷ್ಟದ ಪಾಠವಾಗಿತ್ತು. ಕಾರಣ ನಾನು ಊಹಿಸಿರಲಿಲ್ಲ. ದೊಡ್ಡಮ್ಮನಿಗೆ ಮೋಸ ಅರ್ಥವಾಗುತ್ತಿತ್ತು. ಆದರೆ ಎದುರಿನವರು ಮಾತಾಡುತ್ತಿರುವಾಗ ಫೋನ್ ಇಟ್ಟುಬಿಡುವುದು ಅವರಿಂದ ಆಗುತ್ತಿರಲಿಲ್ಲ. ಅದು ಮರ್ಯಾದೆ ಅಲ್ಲ ಅಂತ ಅವರ ನಂಬಿಕೆ. ಮನೆಗೆ ಬಂದವರನ್ನು ಮಾತಿನ ನಡುವೆ ಬಾಗಿಲು ಹಾಕಿ ಕಳಿಸಿದ ಹಾಗೆ. ಹಿರಿಯರ ಈ ಸೌಜನ್ಯವನ್ನೇ ಕಳ್ಳರು ಬಳಸಿಕೊಳ್ಳುತ್ತಾರೆ.

ಹಾಗಾಗಿ ನಾವು ಫೋನ್ ಕಟ್ ಮಾಡುವುದನ್ನೇ ಅಭ್ಯಾಸ ಮಾಡಿದೆವು. ನಾನು ಹಿತ್ತಿಲಿಗೆ ಹೋಗಿ ಅಲ್ಲಿಂದ ಕಾಲ್ ಮಾಡುವುದು. "ನಾನು ಬ್ಯಾಂಕಿಂದ ಮಾತಾಡ್ತಿದ್ದೀನಿ ಅಮ್ಮ, ನಿಮ್ಮ ಪೆನ್ಷನ್ ನಿಂತೋಗುತ್ತೆ" ಅನ್ನುವುದು. ಅವರು ನಾನು ಮಾತು ಮುಗಿಸುವ ಮೊದಲೇ ಕೆಂಪು ಬಟನ್ ಒತ್ತಬೇಕು. ಮೊದಮೊದಲು "ಇಡ್ತೀನಿ ಕಣಪ್ಪ, ಬೇಜಾರು ಮಾಡ್ಕೋಬೇಡ" ಅಂತ ಹೇಳಿ ಇಡುತ್ತಿದ್ದರು. ಆರೇಳು ಸಲ ಆದ ಮೇಲೆ ಏನೂ ಹೇಳದೆ ಇಟ್ಟರು.

ಅಕ್ಟೋಬರ್ 27 ಭಾನುವಾರ. ಆ ದಿನದ ಮನ್ ಕೀ ಬಾತ್‌ನಲ್ಲಿ ಪ್ರಧಾನಿ ಡಿಜಿಟಲ್ ಅರೆಸ್ಟ್ ಮೋಸದ ಬಗ್ಗೆ, ಅಂದರೆ ಪೊಲೀಸ್ ಅಂತ ಹೇಳಿಕೊಂಡು ಫೋನಿನಲ್ಲೇ ಹೆದರಿಸಿ ದುಡ್ಡು ಕೀಳುವ ಬಗ್ಗೆ, ಮಾತಾಡಿದರು. ಕಾನೂನಿನಲ್ಲಿ ಅಂಥ ಅರೆಸ್ಟ್ ಇಲ್ಲವೇ ಇಲ್ಲ, ನಿಲ್ಲಿ, ಯೋಚಿಸಿ, ಆಮೇಲೆ ಹೆಜ್ಜೆ ಇಡಿ ಅನ್ನುವ ಅರ್ಥದ ಮಾತು. ದೊಡ್ಡಮ್ಮ ರೇಡಿಯೋದಲ್ಲಿ ಕೇಳಿದರು. ಊಟ ಮಾಡುವಾಗ ತಾವಾಗಿ ಹೇಳಿದರು: "ನಿಮ್ ದೊಡ್ಡಪ್ಪ ಏನಂತಿದ್ರು ಗೊತ್ತಾ? ಲೈನ್ ಕ್ಲಿಯರ್ ಇಲ್ದೆ ಗಾಡಿ ಬಿಡಬಾರದು."

ಒಂಟಿ ಹಳಿಯ ಕಾಲದಲ್ಲಿ ಒಂದು ಸ್ಟೇಷನ್ನಿನಿಂದ ಗಾಡಿ ಹೊರಡಬೇಕಾದರೆ ಮುಂದಿನ ಸ್ಟೇಷನ್ನಿನವರು ಹಳಿ ಖಾಲಿ ಇದೆ ಅಂತ ಒಪ್ಪಬೇಕಿತ್ತು. ಆಮೇಲೆ ಡ್ರೈವರ್ ಕೈಗೆ ಟೋಕನ್. ಅದು ಕೈಗೆ ಬಾರದೆ ಗಾಡಿ ಅಲ್ಲಾಡುತ್ತಿರಲಿಲ್ಲ, ಎಷ್ಟೇ ಲೇಟಾದರೂ. ದೊಡ್ಡಮ್ಮ ಅದನ್ನೇ ತಮ್ಮ ನಿಯಮ ಮಾಡಿಕೊಂಡರು. ದುಡ್ಡು, ಆಧಾರ್, ಓಟಿಪಿ, ಪೊಲೀಸ್, ಈ ನಾಲ್ಕರಲ್ಲಿ ಯಾವ ಮಾತು ಬಂದರೂ ಮೊದಲು ಫೋನ್ ಇಡುವುದು. ಆಮೇಲೆ ನನ್ನ ಹತ್ತಿರವೋ ಎದುರು ಮನೆಯ ರಿಟೈರ್ಡ್ ಮೇಷ್ಟ್ರ ಹತ್ತಿರವೋ ಲೈನ್ ಕ್ಲಿಯರ್ ಪಡೆಯುವುದು. ನಾನು ಯೋಚಿಸಿ ಬರೆದುಕೊಟ್ಟ ಯಾವ ಎಚ್ಚರಿಕೆಯೂ ಇಷ್ಟು ಗಟ್ಟಿಯಾಗಿ ನಿಂತಿರಲಿಲ್ಲ.

ನವೆಂಬರ್ ಎರಡನೇ ವಾರ ನಿಜವಾದ ಕರೆ ಬಂತು. ವಿಡಿಯೋ ಕಾಲ್. ಪೊಲೀಸ್ ಡ್ರೆಸ್ಸಿನವನು. ನಿಮ್ಮ ಆಧಾರ್ ನಂಬರಿನಲ್ಲಿ ಮುಂಬೈಯಲ್ಲಿ ಪಾರ್ಸೆಲ್ ಸಿಕ್ಕಿದೆ, ಅದರಲ್ಲಿ ಮಾದಕ ವಸ್ತು ಇದೆ, ಕರೆ ಕಟ್ ಮಾಡಿದರೆ ಅರೆಸ್ಟ್. ದೊಡ್ಡಮ್ಮ ತಕ್ಷಣ ಕಟ್ ಮಾಡಲಿಲ್ಲ. ಇದನ್ನು ಮುಚ್ಚಿಡಬಾರದು. ಕೈ ನಡುಗಿತು, ಬಾಯಿ ಒಣಗಿತು, ಅವನ ಮಾತು ಕೇಳುತ್ತಾ ಕೂತರು. ಆಮೇಲೆ ನೋಡಿದರೆ ಕರೆ 11 ನಿಮಿಷ ನಡೆದಿತ್ತು. ಅವನು ಬ್ಯಾಂಕಿನ ಹೆಸರು ಕೇಳಿದಾಗ ಅವರಿಗೆ ಎಚ್ಚರವಾಯಿತು. ಕೆಂಪು ಬಟನ್ ಒತ್ತಿ, ಫೋನನ್ನು ಮಂಚದ ಮೇಲೆ ಕವುಚಿ ಹಾಕಿ, ಚಪ್ಪಲಿಯನ್ನೂ ಮೆಟ್ಟದೆ ಎದುರು ಮನೆಗೆ ಹೋದರು. ಮೇಷ್ಟ್ರು ನೀರು ಕೊಟ್ಟು ಕೂರಿಸಿದರು.

ದುಡ್ಡು ಹೋಗಿರಲಿಲ್ಲ. ಹೋಗಿದ್ದರೆ ಆ ಕ್ಷಣವೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕಾಲ್ ಮಾಡಬೇಕಿತ್ತು. ಬೇಗ ಹೇಳಿದಷ್ಟೂ ಆ ದುಡ್ಡನ್ನು ದಾರಿಯಲ್ಲೇ ತಡೆಯುವ ಅವಕಾಶ ಹೆಚ್ಚು. ಹೋಗದಿದ್ದಾಗ ಅನುಮಾನದ ಕರೆಯನ್ನು ಕೇಂದ್ರದ ಟೆಲಿಕಾಂ ಇಲಾಖೆಯ ಸಂಚಾರ್ ಸಾಥಿ ವೆಬ್‌ಸೈಟಿನ ಚಕ್ಷು ಅನ್ನುವ ಭಾಗದಲ್ಲಿ ತಿಳಿಸಬಹುದು. ಭಾನುವಾರ ದೊಡ್ಡಮ್ಮ ಪಕ್ಕದಲ್ಲಿ ಕೂತು ಒಂದೊಂದಾಗಿ ಹೇಳಿದರು, ನಾನು ತುಂಬಿದೆ. ಅವತ್ತು ಮಾತ್ರ ಫೋನ್ ಮುಟ್ಟುವ ಮನಸ್ಸು ಅವರಿಗೆ ಇರಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಆ 11 ನಿಮಿಷದ ಬಗ್ಗೆ ಅವರು ನಾಚಿಕೆಪಟ್ಟುಕೊಂಡರು. "ನೀವು ನಿಮ್ಮ ದುಡ್ಡು ಉಳಿಸಿಕೊಂಡಿದ್ದೀರಿ ದೊಡ್ಡಮ್ಮ" ಅಂತ ಎಷ್ಟೋ ಸಲ ಹೇಳಬೇಕಾಯಿತು. ಬೈದಿದ್ದರೆ ಮುಂದಿನ ಸಲ ಅವರು ಯಾರಿಗೂ ಹೇಳುತ್ತಿರಲಿಲ್ಲ.

ಜಗಲಿಯ ಮೇಲೆ

ಲೈಫ್ ಸರ್ಟಿಫಿಕೇಟ್ ಕೆಲಸ ಆ ಕರೆಗೆ ಮೊದಲೇ, ನವೆಂಬರ್ 3ರಂದು, ದೀಪಾವಳಿ ಮುಗಿದ ಮರುದಿನ ಮಾಡಿದ್ದೆವು. ಎರಡು ಆ್ಯಪ್ ಬೇಕು. ಒಂದು ಆಧಾರ್‌ನ ಮುಖ ಗುರುತಿಸುವ ಆ್ಯಪ್, ಇನ್ನೊಂದು ಜೀವನ್ ಪ್ರಮಾಣ್‌ದು. ಮೊದಲು ಆಪರೇಟರ್ ಅಂತ ಒಬ್ಬರು ತಮ್ಮ ಆಧಾರ್ ಮತ್ತು ಮುಖ ಕೊಟ್ಟು ನೋಂದಾಯಿಸಬೇಕು. ಮನೆಯವರು ಯಾರಾದರೂ ಆಗಬಹುದು, ಪೆನ್ಷನ್‌ದಾರರೇ ಆಗಬಹುದು. ದೊಡ್ಡಮ್ಮ ತಾವೇ ಆದರು. ಆಮೇಲೆ ಪಿಪಿಓ ನಂಬರ್, ಅಂದರೆ ಪೆನ್ಷನ್ ಆರ್ಡರಿನ ನಂಬರ್, ಖಾತೆ ನಂಬರ್, ಯಾವ ಇಲಾಖೆ, ಯಾವ ಬ್ಯಾಂಕು. ಪಿಪಿಓ ನಂಬರಿನಲ್ಲಿ ಒಂದಂಕಿ ತಪ್ಪಿದರೂ ಆಮೇಲೆ ತಿರಸ್ಕಾರ ಆಗಬಹುದು. ಹಾಗಾಗಿ ದೊಡ್ಡಪ್ಪನ ಹಳೇ ಟ್ರಂಕಿನಿಂದ ಆ ಕಾಗದ ತೆಗೆದು, ಅಂಕಿಗಳನ್ನು ಇಬ್ಬರೂ ಬೇರೆ ಬೇರೆ ಓದಿ ತಾಳೆ ನೋಡಿದೆವು.

ನಡುವೆ ಒಂದು ಪ್ರಶ್ನೆ ಬಂತು. ಮರುಮದುವೆ ಆಗಿದ್ದೀರಾ? ಫ್ಯಾಮಿಲಿ ಪೆನ್ಷನ್‌ಗೆ ಅದು ಬೇಕಾದ ವಿವರ. ದೊಡ್ಡಮ್ಮ ಒಂದು ಕ್ಷಣ ಗೋಡೆಯ ಮೇಲಿನ ಫೋಟೋ ನೋಡಿದರು. ಆಮೇಲೆ 'ಇಲ್ಲ' ಅಂತ ಒತ್ತಿದರು. ನಾನು ಏನೂ ಮಾತಾಡಲಿಲ್ಲ.

ಮುಖ ತೋರಿಸುವಾಗ ಎರಡು ಸಲ ಆಗಲಿಲ್ಲ. ಹಿಂದೆ ಕಿಟಕಿ ಇತ್ತು, ಮುಖ ಕತ್ತಲು. ಕನ್ನಡಕದ ಮೇಲೆ ಬೆಳಕು ಬೀಳುತ್ತಿತ್ತು. ದೊಡ್ಡಮ್ಮ ಹೆದರಲಿಲ್ಲ. ವಾಪಸ್ ಒತ್ತಿ ಎದ್ದು, "ಹೊರಗೆ ಬೆಳಕಿದೆ" ಅಂತ ಜಗಲಿಗೆ ಹೋಗಿ ಕೂತರು. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಪರದೆಯ ಮೇಲಿನ ಗೋಲದೊಳಗೆ ಮುಖ ತಂದು, ಕಣ್ಣು ಮಿಟುಕಿಸಿದರು. ಹಸಿರು ಗೆರೆ ಬಂತು. ಸ್ವಲ್ಪ ಹೊತ್ತಿಗೆ ಪ್ರಮಾಣ್ ಐಡಿ ಇರುವ ಎಸ್ಸೆಮ್ಮೆಸ್ಸೂ ಬಂತು. ಅದನ್ನು ಜೋರಾಗಿ ಓದಿ ಪೂರ್ತಿ ನಂಬರನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟರು. ಕೆಲವು ದಿನ ಬಿಟ್ಟು ಅದು ಸ್ವೀಕಾರ ಆಗಿದೆಯಾ ಅಂತ ತಾವೇ ನೋಡಿ ನನಗೆ ತಿಳಿಸಿದರು.

ಎಲ್ಲವನ್ನೂ ಅವರು ಕಲಿತಿಲ್ಲ. ಇಂಗ್ಲಿಷಿನಲ್ಲಿ ಟೈಪ್ ಮಾಡುವುದು ಬೇಡ ಅಂದರು. ಕನ್ನಡದಲ್ಲಿ ಮಾತಾಡಿ ಬರೆಸುತ್ತಾರೆ. ಆನ್‌ಲೈನ್ ಶಾಪಿಂಗ್ ಬೇಡ ಅಂದರು. ಪೆನ್ಷನ್ ಖಾತೆಯ ದುಡ್ಡನ್ನು ಈಗಲೂ ಬ್ಯಾಂಕಿಗೆ ಹೋಗಿ ಸ್ಲಿಪ್ ಬರೆದು ತರುತ್ತಾರೆ. ಅವರಿಗೆ ಅದು ಇಷ್ಟ, ಅಲ್ಲಿ ನಾಲ್ಕು ಜನ ಸಿಗುತ್ತಾರೆ. ಆ ಸಂತೋಷವನ್ನು ನಾನು ಯಾಕೆ ಕಿತ್ತುಕೊಳ್ಳಲಿ?

ಡಿಸೆಂಬರ್‌ನಲ್ಲಿ ಒಮ್ಮೆ ಸುಮ್ನೆ ನೋಡಿಕೊಂಡು ಬರಲು ಹೋಗಿದ್ದೆ. ಫೋನ್ ಚಾಪೆಯ ಮೇಲಿತ್ತು. ಪುಣೆಯ ಮೊಮ್ಮಗನ ಫೋಟೋ ತೋರಿಸಿ ಅಂತ ಹಳೇ ಅಭ್ಯಾಸದಲ್ಲಿ ಕೈ ಹಾಕಿ ಎತ್ತಿಕೊಂಡೆ. ಬೆನ್ನಿನ ಮೇಲಿನ ಬಿಳಿ ಪ್ಲಾಸ್ಟರ್ ಇರಲಿಲ್ಲ. ನನಗೆ ಗೊತ್ತಿದ್ದ ನಂಬರ್ ಹಾಕಿದೆ. ತೆರೆಯಲಿಲ್ಲ. ಇನ್ನೊಮ್ಮೆ ಹಾಕಿದೆ. ಆಗಲೂ ಇಲ್ಲ.

ದೊಡ್ಡಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದರು. "ನಂಬರ್ ಬದ್ಲಾಯಿಸಿದ್ದೀನಿ" ಅಂದರು. ಹೊಸ ನಂಬರ್ ಏನು ಅಂತ ಹೇಳಲಿಲ್ಲ. ನನ್ನ ಮುಂದೆ ಕೈ ಚಾಚಿದರು.

"ಕೊಡು ಇಲ್ಲಿ. ಏನು ಬೇಕು ಹೇಳು, ತೆಗೀತೀನಿ."